ಆಲೆಮನೆ ಲೆಕ್ಕದ ಸಾಫ್ಟ್‌ವೇರ್‌ಗೆ ಯಾವ ಲೈಸೆನ್ಸ್ ಹಾಕಬೇಕು?

ಪ್ರಶ್ನೆ: ಸರ್, ನಾವು ಮಂಡ್ಯದಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಆಲೆಮನೆಗಳಿಗೆ ಬೇಕಾದ ಲೆಕ್ಕದ ಸಾಫ್ಟ್‌ವೇರ್ ಒಂದನ್ನು ಬರೆದಿದ್ದೇವೆ. ಕಬ್ಬಿನ ತೂಕ, ರೈತರಿಗೆ ಕೊಟ್ಟ ಮುಂಗಡ, ಕೂಲಿ ಬಟವಾಡೆ, ಮಂಡಿಗೆ ಹೋದ ಬೆಲ್ಲ, ಎಲ್ಲವೂ ಕನ್ನಡದಲ್ಲೇ ಇದೆ. ಸರ್ವರ್‌ನಲ್ಲಿ ನಡೆಯುತ್ತದೆ, ಮೊಬೈಲ್‌ನಲ್ಲಿ ತೆರೆದು ಬಳಸಬಹುದು. ಜೊತೆಗೆ ಫೋಟೋ ಇರುವ ಕೈಪಿಡಿಯೂ ಇದೆ. ಅದರಲ್ಲಿ ಬೆಲ್ಲದ ಬಗ್ಗೆ ಇರುವ ಒಂದೆರಡು ಪುಟ ಕನ್ನಡ ವಿಕಿಪೀಡಿಯದಿಂದ ತೆಗೆದದ್ದು. ಎಲ್ಲವನ್ನೂ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಬಹಿರಂಗವಾಗಿ ಇಟ್ಟಿದ್ದೇವೆ, ಆದರೆ ಲೈಸೆನ್ಸ್ ಹಾಕಿಲ್ಲ. ಹನ್ನೊಂದು ಜನ ಕೋಡ್ ಬರೆದಿದ್ದಾರೆ. ಇಬ್ಬರು ಈಗ ಸಂಪರ್ಕದಲ್ಲಿಲ್ಲ, ಒಬ್ಬ ಮೈಸೂರಿನ ಐಟಿ ಕಂಪನಿಯಲ್ಲಿದ್ದಾನೆ. ಈಗ ಮೈಸೂರಿನದೇ ಒಂದು ಸಣ್ಣ ಕಂಪನಿ, "ನಿಮ್ಮ ಲೈಸೆನ್ಸ್ ಯಾವುದು? ಇದನ್ನು ಬಳಸಿ ತಿಂಗಳ ಶುಲ್ಕಕ್ಕೆ ಸೇವೆ ಕೊಡಬಹುದಾ?" ಎಂದು ಮೇಲ್ ಮಾಡಿದೆ. ನಮ್ಮಲ್ಲಿ ಒಬ್ಬರು ವ್ಯಾಪಾರಕ್ಕೆ ಬಳಸಬಾರದು ಎನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹಾಕೋಣ ಅಂತಾರೆ. ಇನ್ನೊಬ್ಬರು ಎಂಐಟಿ ಸಾಕು ಅಂತಾರೆ. ಮತ್ತೊಬ್ಬರು ಜಿಪಿಎಲ್ ಹಾಕಿದರೆ ರೈತರ ಲೆಕ್ಕವೆಲ್ಲ ಬಹಿರಂಗವಾಗುತ್ತೆ ಅಂತ ಹೆದರಿಸುತ್ತಾರೆ. ನಾವೇ ಒಂದು ಲೈಸೆನ್ಸ್ ಬರೆದುಕೊಂಡರೆ ಆಗೋದಿಲ್ವಾ? ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎರಡು ಬೇರೆ ಬೇರೆ ಭಯ ಕಾಣುತ್ತಿವೆ. ನಾವು ಕಷ್ಟಪಟ್ಟದ್ದರಿಂದ ಇನ್ಯಾರೋ ದುಡ್ಡು ಮಾಡಿಕೊಳ್ಳುತ್ತಾರೆ ಅನ್ನೋದು ಒಂದು. ನಮ್ಮ ಕೋಡ್ ತೆಗೆದುಕೊಂಡು, ಚೆಂದ ಮಾಡಿಕೊಂಡು, ಆಮೇಲೆ ನಮಗೇ ಬಾಗಿಲು ಹಾಕುತ್ತಾರೆ ಅನ್ನೋದು ಇನ್ನೊಂದು. ಈ ಎರಡಕ್ಕೂ ಮದ್ದು ಬೇರೆ ಬೇರೆ. ಇವನ್ನು ಒಂದೇ ಅಂದುಕೊಂಡು ಮಾತಾಡುವ ತನಕ ನಿಮ್ಮ ಜಗಳ ಮುಗಿಯೋದಿಲ್ಲ. ಲೈಸೆನ್ಸ್ ವಿಚಾರದಲ್ಲಿ ನನ್ನ ಬಳಿ ಬರುವ ಗುಂಪುಗಳ ಜೊತೆ ಕೂತು ಮಾತಾಡಿದಾಗ, ಹೆಚ್ಚಿನವರಿಗೆ ನಿಜವಾದ ಚಿಂತೆ ಎರಡನೆಯದೇ ಆಗಿರುತ್ತದೆ. ಕಂಪನಿಯವರು ನಾಲ್ಕು ಕಾಸು ಸಂಪಾದಿಸಿದರೆ ಅವರಿಗೆ ಬೇಜಾರಿಲ್ಲ. ತಮ್ಮನ್ನು ಹೊರಗಿಟ್ಟು ಸಂಪಾದಿಸಿದರೆ ಬೇಜಾರು.

ಮೊದಲು ಈಗಿನ ಸ್ಥಿತಿ ಏನು ಅಂತ ನೋಡೋಣ. ಲೈಸೆನ್ಸ್ ಹಾಕದೆ ಬಹಿರಂಗವಾಗಿ ಇಟ್ಟರೆ ಅದು ಎಲ್ಲರಿಗೂ ಸೇರಿದ್ದು ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿಗೇ ಸೇರುತ್ತದೆ. ಬರೆದ ಕ್ಷಣದಿಂದ ಹಕ್ಕು ಬರೆದವರದು. ನೋಂದಣಿ ಬೇಕಿಲ್ಲ. ಆ ಹಕ್ಕು ಬರೆದವರ ಜೀವನಪರ್ಯಂತ ಇದ್ದು, ಆಮೇಲೂ 60 ವರ್ಷ ಉಳಿಯುತ್ತದೆ. ಗಿಟ್‌ಹಬ್‌ನಲ್ಲಿ ಬಹಿರಂಗವಾಗಿ ಇಟ್ಟಾಗ ಬೇರೆಯವರಿಗೆ ಸಿಗುವುದು ಅಲ್ಲೇ ನೋಡುವ, ಅಲ್ಲೇ ಫೋರ್ಕ್ ಮಾಡಿಕೊಳ್ಳುವ (ತಮ್ಮ ಖಾತೆಗೆ ಒಂದು ಪ್ರತಿ ತೆಗೆದುಕೊಳ್ಳುವ) ಅನುಮತಿ ಮಾತ್ರ. ತೆಗೆದುಕೊಂಡು ಹೋಗಿ ತಮ್ಮ ಸರ್ವರ್‌ನಲ್ಲಿ ಹಾಕಿ ಓಡಿಸಲು ಅದು ಸಾಲದು. ಹಾಗಾಗಿ ಆ ಕಂಪನಿಯವರು ಸುಮ್ನೆ ಎತ್ತಿಕೊಂಡು ಹೋಗದೆ ಕೇಳಿದ್ದು ಸರಿಯಾದ ನಡೆ. ಅವರನ್ನು ಅನುಮಾನದಿಂದ ನೋಡಬೇಡಿ.

ಲೈಸೆನ್ಸ್ ಇಲ್ಲದಿದ್ದರೆ ನಿಮಗೂ ಒಂದು ಅಪಾಯ ಇದೆ, ಅದನ್ನು ಯಾರೂ ಗಮನಿಸೋದಿಲ್ಲ. ತೂಕದ ಲೆಕ್ಕದಲ್ಲಿ ಎಲ್ಲೋ ಒಂದು ದೋಷ ಉಳಿದು ಒಬ್ಬ ರೈತನಿಗೆ ದುಡ್ಡು ಕಮ್ಮಿ ಹೋಯಿತು ಅಂದುಕೊಳ್ಳಿ. ಎಲ್ಲ ಪ್ರಮುಖ ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ಬದಲಾಯಿಸಿ, ಹಂಚಬಹುದಾದ) ಲೈಸೆನ್ಸ್‌ಗಳಲ್ಲೂ 'ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇವೆ, ಯಾವ ಖಾತರಿಯೂ ಇಲ್ಲ' ಎಂಬ ಮಾತು ಇರುತ್ತದೆ. ನಿಮ್ಮ ಬಳಿ ಈಗ ಆ ಒಂದು ಸಾಲಿನ ರಕ್ಷಣೆಯೂ ಇಲ್ಲ.

ಈಗ 'ವ್ಯಾಪಾರಕ್ಕೆ ಬಳಸಬಾರದು' ಎಂಬ ಸಲಹೆಗೆ ಬರುತ್ತೇನೆ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಇದನ್ನು ಎನ್‌ಸಿ ಅನ್ನುತ್ತಾರೆ. ಸಲಹೆ ಕೊಟ್ಟವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ನಿಮ್ಮ ಸಾಫ್ಟ್‌ವೇರ್‌ಗೆ ಇದು ಸರಿಹೋಗೋದಿಲ್ಲ. ಅದನ್ನು ಬಳಸುವವರು ಯಾರು ನೋಡಿ. ಆಲೆಮನೆ ನಡೆಸುವವರು. ಕಬ್ಬು ಕೊಂಡು, ಅರೆದು, ಬೆಲ್ಲ ಕಾಯಿಸಿ, ಮಂಡಿಗೆ ಹಾಕಿ ಲಾಭ ನೋಡುವ ವ್ಯಾಪಾರ ಅದು. ಅದರ ಲೆಕ್ಕ ಇಡುವುದೂ ವ್ಯಾಪಾರದ್ದೇ ಬಳಕೆ. ಎನ್‌ಸಿ ಷರತ್ತು 'ಮುಖ್ಯವಾಗಿ ವ್ಯಾಪಾರದ ಅನುಕೂಲಕ್ಕೆ ಅಥವಾ ಹಣದ ಪ್ರತಿಫಲಕ್ಕೆ' ಇರುವ ಬಳಕೆಯನ್ನೇ ತಡೆಯುತ್ತದೆ. ಅಂದರೆ ಯಾರಿಗೋಸ್ಕರ ಬರೆದಿರೋ ಅವರೇ ಮೊದಲು ಹೊರಗೆ ಬೀಳುತ್ತಾರೆ. ನೀವು ಅವರ ಮೇಲೆ ಕೇಸ್ ಹಾಕೋದಿಲ್ಲ, ನಿಜ. ಆದರೆ ನಾಳೆ ಒಂದು ಸಹಕಾರ ಸಂಘ ತನ್ನ ಸದಸ್ಯರಿಗೆಲ್ಲ ಇದನ್ನು ಕೊಡಬೇಕು ಅಂದಾಗ, ಕಾಗದ ಓದುವವರು ಆ ಸಾಲು ಕಂಡು ಕೈಬಿಡುತ್ತಾರೆ. ಕೈಪಿಡಿಯ ಪ್ರಿಂಟ್ ತೆಗೆದು ಖರ್ಚಿನ ಮೇಲೆ ಹತ್ತು ರೂಪಾಯಿ ಇಟ್ಟುಕೊಳ್ಳುವ ಜೆರಾಕ್ಸ್ ಅಂಗಡಿಯವರಿಗೂ ಅದೇ ಗೊಂದಲ.

ಇನ್ನೊಂದು ಮಾತು. ವ್ಯಾಪಾರದ ಬಳಕೆ ತಡೆದರೆ ಅದನ್ನು ಓಪನ್ ಸೋರ್ಸ್ ಅನ್ನುವ ಹಾಗಿಲ್ಲ. 1998ರಿಂದ ಜಾರಿಯಲ್ಲಿರುವ ಓಪನ್ ಸೋರ್ಸ್ ವ್ಯಾಖ್ಯೆಯಲ್ಲೇ, ಯಾವ ಕ್ಷೇತ್ರದಲ್ಲಿ ಬಳಸುತ್ತಾರೆ ಅನ್ನೋದನ್ನು ನೋಡಿ ತಡೆ ಹಾಕಬಾರದು ಎಂಬ ನಿಯಮ ಇದೆ. ಅದೂ ಅಲ್ಲದೆ, ತನ್ನ ಲೈಸೆನ್ಸ್‌ಗಳನ್ನು ಸಾಫ್ಟ್‌ವೇರ್‌ಗೆ ಹಾಕಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಹೇಳುತ್ತದೆ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಪಠ್ಯ, ಕೊಡಬೇಕೋ ಬೇಡವೋ ಎಂಬ ಮಾತೇ ಅವುಗಳಲ್ಲಿ ಇಲ್ಲ. ನಿಮ್ಮ ನಿಜವಾದ ಚಿಂತೆ ಇರುವುದು ಅಲ್ಲೇ ಅಲ್ವಾ?

ನಿಮ್ಮದೇ ಲೈಸೆನ್ಸ್ ಬರೆದುಕೊಳ್ಳುವ ವಿಚಾರ ಬಿಟ್ಟುಬಿಡಿ. ಅದನ್ನು ಓದಿ ಒಪ್ಪಲು ಪ್ರತಿ ಕಂಪನಿಯೂ ತನ್ನ ವಕೀಲರಿಗೆ ದುಡ್ಡು ಕೊಡಬೇಕು. ಬಹಳ ಜನ ಆ ಗೋಜಿಗೇ ಬರೋದಿಲ್ಲ.

ಹಾಗಾದರೆ ಕೋಡ್‌ಗೆ ಯಾವುದು? ನಿಮ್ಮ ಮುಂದೆ ನಿಜವಾಗಿ ಮೂರು ದಾರಿ ಇವೆ.

ಎಂಐಟಿ, ಅಪಾಚೆ ಇವು ಸಡಿಲ ಲೈಸೆನ್ಸ್‌ಗಳು. ಹೆಸರು ಉಳಿಸಿ, ಲೈಸೆನ್ಸ್ ಪ್ರತಿ ಜೊತೆಗಿಡಿ, ಮಿಕ್ಕಂತೆ ಏನು ಬೇಕಾದರೂ ಮಾಡಿಕೊಳ್ಳಿ ಅನ್ನುತ್ತವೆ. ಕಂಪನಿ ನಿಮ್ಮ ಕೋಡ್ ಬದಲಾಯಿಸಿ ಮುಚ್ಚಿಟ್ಟು ಮಾರಿದರೂ ಕೇಳುವ ಹಾಗಿಲ್ಲ. ಆದಷ್ಟು ಜಾಸ್ತಿ ಜನಕ್ಕೆ ಮುಟ್ಟಲಿ, ಬೇರೇನೂ ಬೇಡ ಅನ್ನುವವರಿಗೆ ಇದು ಒಳ್ಳೆಯದು. ಈ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಅಪಾಚೆ 2.0 ಅನ್ನುತ್ತೇನೆ. ಅದಕ್ಕೆ ನಮ್ಮ ದೇಶದ್ದೇ ಕಾರಣ ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ವಹಿಸಿಕೊಡುವಾಗ ಅವಧಿ ಬರೆಯದಿದ್ದರೆ ಅದು 5 ವರ್ಷ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಎಣಿಸಬೇಕು. 30ಎ ಸೆಕ್ಷನ್ ಇದನ್ನು ಲೈಸೆನ್ಸ್‌ಗಳಿಗೂ ತಕ್ಕ ಬದಲಾವಣೆಯೊಂದಿಗೆ ಅನ್ವಯಿಸುತ್ತದೆ. ಎಂಐಟಿಯ ಪುಟ್ಟ ಪಠ್ಯದಲ್ಲಿ ಅವಧಿಯೂ ಇಲ್ಲ, ಜಾಗವೂ ಇಲ್ಲ. ಅಪಾಚೆಯಲ್ಲಿ ಶಾಶ್ವತವಾಗಿ, ಜಗತ್ತಿನಾದ್ಯಂತ ಎಂದು ಬಿಡಿಸಿ ಬರೆದಿದೆ. ಪೇಟೆಂಟ್ ಬಗ್ಗೆಯೂ ಸ್ಪಷ್ಟ ಮಾತಿದೆ. ಎಂಐಟಿ ಹಾಕಿದವರೆಲ್ಲ ಕೆಟ್ಟರು ಅಂತ ನಾನು ಹೇಳುತ್ತಿಲ್ಲ. ಲಕ್ಷಾಂತರ ಯೋಜನೆಗಳು ಅದರಲ್ಲೇ ನಡೆಯುತ್ತಿವೆ. ಹೊಸದಾಗಿ ಆರಿಸುವವರು ಆ ಅನುಮಾನಕ್ಕೆ ಜಾಗ ಯಾಕೆ ಕೊಡಬೇಕು, ಅಷ್ಟೇ.

ಎರಡನೆಯದು ಜಿಪಿಎಲ್ ಆವೃತ್ತಿ 3, 2007ರಲ್ಲಿ ಬಂದದ್ದು. ಯಾರಾದರೂ ಇದನ್ನು ಬದಲಾಯಿಸಿ ಇನ್ನೊಬ್ಬರಿಗೆ ಕೊಟ್ಟರೆ, ಹಾಗೆ ಪಡೆದವರಿಗೆ ಸೋರ್ಸ್ ಕೋಡನ್ನೂ ಇದೇ ಲೈಸೆನ್ಸ್‌ನಲ್ಲಿ ಕೊಡಬೇಕು. ದುಡ್ಡು ತೆಗೆದುಕೊಳ್ಳಬಾರದು ಅಂತ ಇದರಲ್ಲಿ ಎಲ್ಲೂ ಇಲ್ಲ. ಕೇಳಿಕೊಂಡು ಬಂದ ಊರಿನವರಿಗೆಲ್ಲ ಕೋಡ್ ಹಂಚಬೇಕು ಅಂತಲೂ ಇಲ್ಲ. ತಾನೇ ಬಳಸಿಕೊಳ್ಳಲು ಬದಲಾಯಿಸಿಕೊಂಡವರು ಯಾರಿಗೂ ಏನೂ ಕೊಡಬೇಕಿಲ್ಲ.

ಆದರೆ ನಿಮ್ಮ ಸಂದರ್ಭದಲ್ಲಿ ಜಿಪಿಎಲ್‌ಗೆ ಒಂದು ದೊಡ್ಡ ಕಿಂಡಿ ಇದೆ. 'ಕೊಟ್ಟರೆ' ಎಂಬ ಷರತ್ತು ಹುಟ್ಟುವುದು ಪ್ರೋಗ್ರಾಂ ಇನ್ನೊಬ್ಬರ ಕೈಗೆ ಹೋದಾಗ. ನಿಮ್ಮ ಸಾಫ್ಟ್‌ವೇರ್ ಓಡುವುದು ಸರ್ವರ್‌ನಲ್ಲಿ. ಆ ಕಂಪನಿ ನಿಮ್ಮ ಕೋಡ್ ತೆಗೆದುಕೊಂಡು, ಬೆಲೆ ತಿಳಿಸುವ ಎಸ್‌ಎಂಎಸ್, ಬ್ಯಾಂಕ್ ಜೋಡಣೆ ಎಲ್ಲ ಸೇರಿಸಿ ತನ್ನ ಸರ್ವರ್‌ನಲ್ಲಿ ಓಡಿಸಿತು ಅನ್ನಿ. ಪಾಂಡವಪುರದ ಆಲೆಮನೆಯವರು ಮೊಬೈಲ್‌ನಲ್ಲಿ ತೆರೆದು ಲೆಕ್ಕ ಹಾಕುತ್ತಾರೆ, ತಿಂಗಳಿಗೆ ದುಡ್ಡು ಕಟ್ಟುತ್ತಾರೆ. ಸರ್ವರ್‌ನಲ್ಲಿ ಓಡುವ ಆ ಪ್ರೋಗ್ರಾಂನ ಪ್ರತಿ ಅವರ ಕೈಗೆ ಬರಲೇ ಇಲ್ಲ. ಹಾಗಾಗಿ ಜಿಪಿಎಲ್ ಪ್ರಕಾರ ಕಂಪನಿ ಸೋರ್ಸ್ ಕೊಡಬೇಕಿಲ್ಲ. ನೀವು ಹೆದರುವ ಬಾಗಿಲು ಹಾಕುವ ಕೆಲಸವನ್ನು ನಿಯಮ ಮೀರದೆಯೇ ಮಾಡಬಹುದು.

ಈ ಕಿಂಡಿ ಮುಚ್ಚಲೆಂದೇ ಅದೇ 2007ರಲ್ಲಿ ಎಜಿಪಿಎಲ್ ಆವೃತ್ತಿ 3 ಬಂತು. ಅದರ 13ನೇ ಕಲಮು ಹೇಳುವುದು ಇಷ್ಟು: ನೀವು ಪ್ರೋಗ್ರಾಂ ಬದಲಾಯಿಸಿ, ಜನ ಅದನ್ನು ನೆಟ್‌ವರ್ಕ್ ಮೂಲಕ ಬಳಸುವಂತೆ ಮಾಡಿದರೆ, ಹಾಗೆ ಬಳಸುವವರಿಗೆ ಬದಲಾದ ಸೋರ್ಸ್ ಕೋಡ್ ಪಡೆಯುವ ಅವಕಾಶ ಕೊಡಬೇಕು. ಶುಲ್ಕ ತೆಗೆದುಕೊಂಡು ಸೇವೆ ಕೊಡಲು ಅಡ್ಡಿಯಿಲ್ಲ. ಆ ಆಲೆಮನೆಯವರಲ್ಲಿ ಒಬ್ಬರು ಕೋಡ್ ಪಡೆದರೆ ಅದು ನಿಮಗೂ ಸಿಗಬಹುದು. ಮುಖ್ಯವಾಗಿ, ನಾಳೆ ಕಂಪನಿ ಮುಚ್ಚಿದರೆ ಅಥವಾ ದರ ಏರಿಸಿದರೆ, ಅದೇ ಸಾಫ್ಟ್‌ವೇರನ್ನು ಬೇರೆಯವರಿಂದ ನಡೆಸಿಕೊಳ್ಳುವ ದಾರಿ ಅವರಿಗೆ ಇರುತ್ತದೆ.

ಇದರ ಕಷ್ಟವನ್ನೂ ಹೇಳಬೇಕು. ಎಜಿಪಿಎಲ್ ಕಂಡರೆ ಹಿಂದೆ ಸರಿಯುವ ಕಂಪನಿಗಳಿವೆ. ಗೂಗಲ್ ತನ್ನೊಳಗೆ ಇದನ್ನು ಬಳಸಬಾರದು ಎಂದು ಬಹಿರಂಗವಾಗಿಯೇ ನಿಯಮ ಮಾಡಿಕೊಂಡಿದೆ. ನಿಮ್ಮನ್ನು ಕೇಳಿದ ಕಂಪನಿಯೂ ಬೇಡ ಅನ್ನಬಹುದು. ಬೇರೆ ಪ್ರೋಗ್ರಾಂ ಬರೆದು ನಿಮ್ಮದರ ಪಕ್ಕದಲ್ಲಿ ನಿಲ್ಲಿಸಿ, ಎರಡಕ್ಕೂ ಬರೀ ಮಾಹಿತಿಯ ಕೊಡುಕೊಳ್ಳುವಿಕೆ ಇಟ್ಟರೆ ಆ ಪಕ್ಕದ ಪ್ರೋಗ್ರಾಂಗೆ ಷರತ್ತು ತಾಗದೇ ಹೋಗಬಹುದು. ಷರತ್ತು ಮೀರಿದವರನ್ನು ಹಿಡಿದು ಕೇಳುವ ಕೆಲಸವೂ ನಿಮ್ಮದೇ. ಲೈಸೆನ್ಸ್ ತಾನಾಗಿಯೇ ಕಾವಲು ಕಾಯೋದಿಲ್ಲ. ಇಷ್ಟೆಲ್ಲ ಇದ್ದರೂ, ನಿಮ್ಮ ಪತ್ರ ಓದಿದ ಮೇಲೆ ಕೋಡ್‌ಗೆ ನನ್ನ ಸಲಹೆ 'ಎಜಿಪಿಎಲ್ ಆವೃತ್ತಿ 3 ಅಥವಾ ನಂತರದ್ದು'. ಹಾಕುವ ಮೊದಲು ನೀವು ಬಳಸಿರುವ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳ) ಲೈಸೆನ್ಸ್ ನೋಡಿಕೊಳ್ಳಿ. ಅಪಾಚೆ 2.0, ಎಂಐಟಿ ಇದ್ದರೆ ತೊಂದರೆಯಿಲ್ಲ. 'ಜಿಪಿಎಲ್ ಆವೃತ್ತಿ 2 ಮಾತ್ರ' ಅಂತ ಇದ್ದರೆ ಅದು ಇದರ ಜೊತೆ ಕೂಡೋದಿಲ್ಲ, ಬೇರೆ ಲೈಬ್ರರಿ ಹುಡುಕಬೇಕು.

ರೈತರ ಲೆಕ್ಕ ಬಹಿರಂಗವಾಗುತ್ತದೆ ಅನ್ನೋ ಹೆದರಿಕೆಗೆ ಕಾರಣವಿಲ್ಲ. ಜಿಪಿಎಲ್ ಆಗಲಿ ಎಜಿಪಿಎಲ್ ಆಗಲಿ, ಕೇಳುವುದು ಪ್ರೋಗ್ರಾಂನ ಸೋರ್ಸ್ ಕೋಡ್. ಅದರೊಳಗೆ ತುಂಬಿದ ಹೆಸರು, ತೂಕ, ಮುಂಗಡದ ಲೆಕ್ಕಕ್ಕೂ ಲೈಸೆನ್ಸ್‌ಗೂ ಸಂಬಂಧವಿಲ್ಲ.

ಆದರೆ ಈ ಮಾತು ಬಂದದ್ದು ಒಳ್ಳೆಯದೇ ಆಯಿತು. ಇಂಥ ಯೋಜನೆಗಳಲ್ಲಿ ನಾನು ಮೊದಲು ತೆರೆಯುವುದು ಪರೀಕ್ಷೆಗೆಂದು ಇಟ್ಟ ಮಾದರಿ ಫೈಲ್‌ಗಳನ್ನು. ನಿಜವಾದ ರೈತರ ಹೆಸರು, ಫೋನ್ ನಂಬರ್, ಎಷ್ಟು ಮುಂಗಡ ಬಾಕಿ ಎಂಬುದು ಹಾಗೇ ಕೂತಿರುತ್ತದೆ. ಯಾರೋ ಅವಸರದಲ್ಲಿ ಒಂದು ಆಲೆಮನೆಯ ಎಕ್ಸೆಲ್ ಶೀಟನ್ನೇ ತುರುಕಿರುತ್ತಾರೆ. ಒಬ್ಬ ಮನುಷ್ಯನ ಸಾಲದ ಲೆಕ್ಕ ಅದು. ಊರಲ್ಲಿ ಅದರಿಂದ ಆಗುವ ಅವಮಾನ ಯಾವ ಲೈಸೆನ್ಸ್‌ನಿಂದಲೂ ಸರಿಹೋಗೋದಿಲ್ಲ. ಫೈಲ್ ಅಳಿಸಿದರೆ ಸಾಲದು, ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಹಳೆಯ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಇತಿಹಾಸದಿಂದಲೂ ತೆಗೆಯಬೇಕು. ಯಾರಾದರೂ ಆಗಲೇ ಫೋರ್ಕ್ ಮಾಡಿಕೊಂಡಿದ್ದರೆ ಅವರಿಗೂ ಹೇಳಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಬೇರೆ ಕಾಯ್ದೆಯೇ ಬಂದಿದೆ. ದಯವಿಟ್ಟು ಲೈಸೆನ್ಸ್ ಆರಿಸುವ ಮೊದಲೇ, ಇವತ್ತೇ ಇದನ್ನು ನೋಡಿ.

ಇನ್ನು ಎಲ್ಲಕ್ಕಿಂತ ಜಾಸ್ತಿ ಓಡಾಟ ಇರುವ ಕೆಲಸ, ಒಪ್ಪಿಗೆ. ನಿಮ್ಮ ಕೋಡ್ ಅಣ್ಣತಮ್ಮಂದಿರ ಜಂಟಿ ಖಾತೆಯ ಜಮೀನಿನ ಹಾಗೆ. ಒಬ್ಬರು ಸಹಿ ಹಾಕಿದರೆ ನಡೆಯೋದಿಲ್ಲ. ಹನ್ನೊಂದು ಜನರಲ್ಲಿ ಪ್ರತಿಯೊಬ್ಬರಿಗೂ ತಾವು ಬರೆದ ಭಾಗದ ಹಕ್ಕು ಇದೆ. ಲೈಸೆನ್ಸ್ ಇರುವ ರೆಪೊಸಿಟರಿಗೆ (ಯೋಜನೆಯ ಫೈಲ್‌ಗಳೆಲ್ಲ ಇರುವ ಸಂಗ್ರಹಕ್ಕೆ) ಕೋಡ್ ಸೇರಿಸಿದರೆ ಅದೇ ಲೈಸೆನ್ಸ್‌ನಲ್ಲಿ ಕೊಟ್ಟ ಹಾಗೆ ಎಂದು ಗಿಟ್‌ಹಬ್‌ನ ನಿಯಮ ಹೇಳುತ್ತದೆ. ನಿಮ್ಮದರಲ್ಲಿ ಲೈಸೆನ್ಸೇ ಇರಲಿಲ್ಲ, ಹಾಗಾಗಿ ಆ ನಿಯಮ ನಿಮ್ಮ ಸಹಾಯಕ್ಕೆ ಬರೋದಿಲ್ಲ.

ಎಲ್ಲರಿಗೂ ಒಂದು ಮೇಲ್ ಹಾಕಿ. ಉದ್ದ ಬೇಡ. "ನಾನು ಈ ರೆಪೊಸಿಟರಿಗೆ ಇದುವರೆಗೆ ಕೊಟ್ಟ ಕೋಡನ್ನು ಎಜಿಪಿಎಲ್ ಆವೃತ್ತಿ 3 ಅಥವಾ ನಂತರದ ಆವೃತ್ತಿಯಲ್ಲಿ, ಕೈಪಿಡಿಗೆ ಕೊಟ್ಟ ಬರಹ ಮತ್ತು ಫೋಟೋಗಳನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ ಎಸ್‌ಎ 4.0ರಲ್ಲಿ ಬಿಡುಗಡೆ ಮಾಡಲು ಒಪ್ಪಿದ್ದೇನೆ. ಇದು ನನ್ನದೇ ಕೆಲಸ, ಕೊಡುವ ಹಕ್ಕು ನನಗಿದೆ." ಇಷ್ಟನ್ನು ಅವರು ತಮ್ಮ ಮೇಲ್‌ನಿಂದ ಬರೆದು ಕಳಿಸಲಿ. ಬಿವೈ ಎಸ್‌ಎ ಅಂದರೆ ಬರೆದವರ ಹೆಸರು ಹೇಳಿ, ಬದಲಾಯಿಸಿ ಹಂಚಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಿ ಎಂಬ ಷರತ್ತು. ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತಿದ್ದನ್ನು ನೆಚ್ಚಿಕೊಳ್ಳಬೇಡಿ.

ಸಿಗದ ಆ ಇಬ್ಬರು ಬರೆದದ್ದು ಎಷ್ಟಿದೆ ಅಂತ ಗಿಟ್‌ನಲ್ಲೇ ತೆಗೆದು ನೋಡಿ. ಕಾಗುಣಿತ ತಿದ್ದಿದ್ದು, ಒಂದೆರಡು ಸಾಲು ಸರಿಮಾಡಿದ್ದು ಆದರೆ ಚಿಂತೆಯಿಲ್ಲ. ಬಟವಾಡೆ ಲೆಕ್ಕದ ಇಡೀ ಭಾಗವೇ ಅವರದಾದರೆ, ಹಳೆ ಸಹಪಾಠಿಗಳ ಮೂಲಕ ಹುಡುಕಿಸಿ. ಸಿಗಲೇ ಇಲ್ಲ ಅಂದರೆ, ಆ ಕೋಡ್ ನೋಡಿರದ ಒಬ್ಬರಿಂದ ಅದನ್ನು ಹೊಸದಾಗಿ ಬರೆಸಿ. ಇದು ಅತಿಯಾಯಿತು ಅನ್ನಿಸಬಹುದು. ಜನರೇ ಸೇರಿ ನಕ್ಷೆ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್‌ನವರು 2012ರಲ್ಲಿ ಲೈಸೆನ್ಸ್ ಬದಲಿಸಿದಾಗ, ಒಪ್ಪಿಗೆ ಕೊಡದವರು ಸೇರಿಸಿದ್ದ ನಕ್ಷೆಯ ಭಾಗಗಳನ್ನು ತೆಗೆದೇ ಹಾಕಬೇಕಾಯಿತು. ಅಷ್ಟು ದೊಡ್ಡ ಸಮುದಾಯವೇ ಹಾಗೆ ಮಾಡಿದೆ. ನಿಮ್ಮದು ಇನ್ನೂ ಹನ್ನೊಂದು ಜನರ ಕೆಲಸ, ಈಗಲೇ ಮಾಡುವುದು ಸುಲಭ.

ಐಟಿ ಕಂಪನಿಯಲ್ಲಿರುವ ಗೆಳೆಯನ ವಿಷಯ ಸೂಕ್ಷ್ಮ. ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಮ್ಮ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಾಲೀಕರದು. ರಾತ್ರಿ ಮನೆಯಲ್ಲಿ ಕೂತು ಬರೆದದ್ದು ಆ ಲೆಕ್ಕಕ್ಕೆ ಬರಬಾರದು. ಆದರೆ ಎಷ್ಟೋ ನೇಮಕಾತಿ ಒಪ್ಪಂದಗಳಲ್ಲಿ, ಕೆಲಸದಲ್ಲಿರುವ ತನಕ ಬರೆದದ್ದೆಲ್ಲ ಕಂಪನಿಗೆ ಸೇರಿದ್ದು ಎಂಬ ಅಗಲವಾದ ಸಾಲು ಇರುತ್ತದೆ. ಅವರು ತಮ್ಮ ಒಪ್ಪಂದ ತೆಗೆದು ಓದಲಿ. ಅನುಮಾನ ಬಂದರೆ ಎಚ್‌ಆರ್‌ನಿಂದ ಲಿಖಿತ ಅನುಮತಿ ಪಡೆಯಲಿ. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಕೇಳದೆ ಇದ್ದು ಆಮೇಲೆ ಗೊತ್ತಾದರೆ ತೊಂದರೆ ಆಗುವುದು ಅವರ ಕೆಲಸಕ್ಕೆ. ಕಾಲೇಜಿನ ಪ್ರಾಜೆಕ್ಟ್ ಆಗಿ ಶುರುವಾದ ಭಾಗವಿದ್ದರೆ ಕಾಲೇಜಿನ ನಿಯಮವನ್ನೂ ಒಮ್ಮೆ ನೋಡಿ.

ಮುಂದೆ ಸೇರುವವರಿಗೆ ಇಷ್ಟೆಲ್ಲ ತಲೆನೋವು ಬೇಡ. ಲಿನಕ್ಸ್ ಕರ್ನಲ್‌ನವರು 2004ರಿಂದ ಬಳಸುತ್ತಿರುವ ಡಿಸಿಒ ಪದ್ಧತಿ, ಅಂದರೆ ಇದನ್ನು ಕೊಡುವ ಹಕ್ಕು ನನಗಿದೆ ಎಂದು ಕೊಡುವವರೇ ದೃಢಪಡಿಸುವ ಪದ್ಧತಿ, ಇಟ್ಟುಕೊಳ್ಳಿ. ಪ್ರತಿ ಕಮಿಟ್ (ಗಿಟ್‌ನಲ್ಲಿ ದಾಖಲಿಸುವ ಬದಲಾವಣೆ) ಕೆಳಗೆ 'ಸೈನ್ಡ್ ಆಫ್ ಬೈ' ಎಂದು ಹೆಸರು, ಮೇಲ್ ಬರೆಯುವುದು, ಅಷ್ಟೇ. ಹಕ್ಕನ್ನೆಲ್ಲ ಒಬ್ಬರಿಗೆ ಒಪ್ಪಿಸುವ ದೊಡ್ಡ ಒಪ್ಪಂದಗಳು ನಿಮ್ಮಂಥ ಗೆಳೆಯರ ಗುಂಪಿನಲ್ಲಿ ಮನಸ್ತಾಪ ತರುತ್ತವೆ.

ಕೈಪಿಡಿಯ ವಿಷಯದಲ್ಲಿ ನಿಮಗೆ ಆಯ್ಕೆ ಬಹಳ ಇಲ್ಲ, ಅದು ಒಳ್ಳೆಯದೇ. ವಿಕಿಪೀಡಿಯದ ಬರಹ ಇರುವುದು ಬಿವೈ ಎಸ್‌ಎ 4.0ರಲ್ಲಿ. ಅದನ್ನು ತಿದ್ದಿ ಸೇರಿಸಿದ ಪುಟಗಳೂ ಅದೇ ಲೈಸೆನ್ಸ್‌ನಲ್ಲೇ ಇರಬೇಕು. ಅವಕ್ಕೆ ಎನ್‌ಸಿ ಹಾಕುವ ಹಾಗೇ ಇಲ್ಲ. ಇಡೀ ಕೈಪಿಡಿಗೆ ಅದನ್ನೇ ಹಾಕಿದರೆ ಗೊಂದಲ ಇರೋದಿಲ್ಲ. ಯಾವ ಲೇಖನದಿಂದ ತೆಗೆದದ್ದು, ಏನು ಬದಲಾಯಿಸಿದ್ದೀರಿ ಅಂತ ಪುಟದ ಕೆಳಗೆ ಬರೆಯಿರಿ. ಅಲ್ಲಿನ ಚಿತ್ರಗಳಿಗೆ ಒಂದೊಂದಕ್ಕೂ ಬೇರೆ ಲೈಸೆನ್ಸ್ ಇರುತ್ತದೆ, ಚಿತ್ರದ ಪುಟ ತೆರೆದು ನೋಡಿ. ಈ ಲೈಸೆನ್ಸ್‌ನಿಂದ ಏನು ಉಪಯೋಗ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇದೇ ಬಗೆಯ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿತು. ಇವತ್ತು ಕನ್ನಡ ವಿಕಿಪೀಡಿಯದ ಎಷ್ಟೋ ಲೇಖನಗಳು ನಿಂತಿರುವುದು ಆ ಬರಹದ ಮೇಲೆ. ನೀವು ಬೆಲ್ಲ ಕಾಯಿಸುವ ಹದದ ಬಗ್ಗೆ ಬರೆದ ಪುಟವನ್ನೂ ನಾಳೆ ಯಾರೋ ಹಾಗೆ ಮುಂದುವರಿಸಬಹುದು.

ಕೈಪಿಡಿಯೊಳಗೆ ಕೊಟ್ಟ ಕಮಾಂಡ್‌ಗಳು, ಕೋಡ್ ತುಣುಕುಗಳು ಕೋಡ್‌ನ ಲೈಸೆನ್ಸ್‌ಗೇ ಸೇರುತ್ತವೆ ಎಂದು ಮುನ್ನುಡಿಯಲ್ಲಿ ಒಂದು ಸಾಲು ಬರೆಯಿರಿ. ಫೋಟೋದಲ್ಲಿ ಕಾಣುವ ಕೆಲಸಗಾರರನ್ನು ಕೇಳಿಯೇ ಹಾಕಿ. ಕೈಪಿಡಿಯ ಜೊತೆ ಫಾಂಟ್ ಸೇರಿಸಿದ್ದರೆ ಅದು ಎಲ್ಲಿಂದ ಬಂತು ನೋಡಿ. ಯಾರದೋ ಡಿಟಿಪಿ ಕಂಪ್ಯೂಟರ್‌ನಿಂದ ನಕಲು ಮಾಡಿದ್ದಾದರೆ ತೆಗೆದುಬಿಡಿ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಇವು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ, ಲೈಸೆನ್ಸ್ ಪ್ರತಿಯ ಸಮೇತ ಧಾರಾಳವಾಗಿ ಸೇರಿಸಬಹುದು.

ನಿಮ್ಮ ಯೋಜನೆಯ ಹೆಸರು ಮತ್ತು ಲೋಗೋ ಮಾತ್ರ ಈ ಲೈಸೆನ್ಸ್‌ಗಳ ಜೊತೆ ಹೋಗೋದಿಲ್ಲ. ಬೇರೆಯವರು ಬದಲಾಯಿಸಿದ ಆವೃತ್ತಿಗೆ ಬೇರೆ ಹೆಸರು ಇಟ್ಟುಕೊಳ್ಳಲಿ ಎಂದು ರೀಡ್‌ಮೀ ಎಂಬ ಪರಿಚಯದ ಫೈಲ್‌ನಲ್ಲಿ ಬರೆದಿಡಿ. ಅವರ ತಪ್ಪು ಲೆಕ್ಕಕ್ಕೆ ರೈತರು ನಿಮ್ಮನ್ನು ಬಯ್ಯಬಾರದಲ್ಲ.

ಒಪ್ಪಿಗೆಗಳೆಲ್ಲ ಬಂದ ಮೇಲೆ ಲೈಸೆನ್ಸ್‌ನ ಪೂರ್ತಿ ಇಂಗ್ಲಿಷ್ ಪಠ್ಯವನ್ನು ಒಂದಕ್ಷರವೂ ತಿದ್ದದೆ ರೆಪೊಸಿಟರಿಯ ಮೊದಲ ಹಂತದಲ್ಲೇ ಇಡಿ. ಕೈಪಿಡಿಯ ಫೋಲ್ಡರ್‌ನಲ್ಲಿ ಅದರ ಲೈಸೆನ್ಸ್ ಬೇರೆಯಾಗಿ ಇರಲಿ. ಪ್ರತಿ ಫೈಲ್‌ನ ತಲೆಯಲ್ಲಿ ಎಸ್‌ಪಿಡಿಎಕ್ಸ್ (ಲೈಸೆನ್ಸ್ ಯಾವುದೆಂದು ಚಿಕ್ಕದಾಗಿ ಹೇಳುವ) ಗುರುತಿನ ಒಂದು ಸಾಲು ಸಾಕು. ಕನ್ನಡದಲ್ಲಿ ಸಾರಾಂಶ ಕೊಡಿ, ಬಳಸುವವರಿಗೆ ಅದೇ ಬೇಕಿರುವುದು. ಆದರೆ ಮೂಲ ಪಠ್ಯವೇ ಅಂತಿಮ ಎಂದು ಅದರಲ್ಲಿ ಹೇಳಿ. ಒಮ್ಮೆ ಹೀಗೆ ಕೊಟ್ಟ ಮೇಲೆ, ಷರತ್ತು ಪಾಲಿಸುವವರಿಂದ ಆ ಆವೃತ್ತಿಯನ್ನು ವಾಪಸ್ ಕಿತ್ತುಕೊಳ್ಳಲು ಆಗೋದಿಲ್ಲ. ಎಲ್ಲರೂ ಒಪ್ಪಿದರೆ ಮುಂದಿನ ಆವೃತ್ತಿಗೆ ಬೇರೆ ಲೈಸೆನ್ಸ್ ಹಾಕಬಹುದು, ಹಳೆಯದು ಹಾಗೇ ಉಳಿಯುತ್ತದೆ. ಗುಂಪಿನಲ್ಲಿ ಎಲ್ಲರಿಗೂ ಇದು ಗೊತ್ತಿರಲಿ.

ಮೈಸೂರಿನ ಕಂಪನಿಗೆ ಈ ವಾರವೇ ಉತ್ತರ ಬರೆಯಿರಿ. ಸುಮ್ಮನಿದ್ದರೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಬರೆದವರೆಲ್ಲರ ಒಪ್ಪಿಗೆ ಪಡೆಯುತ್ತಿದ್ದೇವೆ, ಎಜಿಪಿಎಲ್ ಹಾಕುವ ಯೋಚನೆ ಇದೆ, ಶುಲ್ಕ ತೆಗೆದುಕೊಂಡು ಸೇವೆ ಕೊಡಲು ಅದರಲ್ಲಿ ಅಡ್ಡಿಯಿಲ್ಲ, ಬದಲಾಯಿಸಿದ ಕೋಡನ್ನು ಬಳಕೆದಾರರಿಗೆ ಕೊಡಬೇಕಾಗುತ್ತದೆ, ಅಲ್ಲಿಯ ತನಕ ಸ್ವಲ್ಪ ತಡೆಯಿರಿ ಎಂದು ನೇರವಾಗಿ ಹೇಳಿ. ಮುಚ್ಚಿಟ್ಟು ಬಳಸಲು ಬೇರೆ ಲೈಸೆನ್ಸ್ ಕೊಡಿ ಎಂದು ಅವರು ಕೇಳಬಹುದು. ಹಕ್ಕಿರುವವರೆಲ್ಲ ಒಪ್ಪಿದರೆ ದುಡ್ಡಿಗೆ ಹಾಗೆ ಕೊಡಲು ಕಾನೂನಿನ ಅಡ್ಡಿಯಿಲ್ಲ. ಆ ದುಡ್ಡು ಯಾರ ಖಾತೆಗೆ, ಹೇಗೆ ಹಂಚಿಕೆ ಅನ್ನೋದನ್ನು ಮಾತ್ರ ಅವರಿಗೆ ಹೂಂ ಅನ್ನುವ ಮೊದಲೇ ನಿಮ್ಮೊಳಗೆ ಬರೆದು ಸಹಿ ಹಾಕಿಕೊಳ್ಳಿ.